ಗುಡಿಸಲು ತೆರಿಗೆಯಿಂದ ಮುಳ್ಳುತಂತಿಯವರೆಗೆ

2021ರ ಮೇ 25ರಂದು, ಆಫ್ರಿಕಾ ದಿನಾಚರಣೆಯ ಸಂದರ್ಭದಲ್ಲಿ, ಜಿಂಬಾಬ್ವೆಯ ರಾಜಧಾನಿ ಹರಾರೆಯ ನಡುಮಧ್ಯದ ವೃತ್ತವೊಂದರಲ್ಲಿ ಮಹಿಳೆಯೊಬ್ಬಳ ಬೃಹತ್ ಪ್ರತಿಮೆ ಅನಾವರಣಗೊಂಡಿತು. ಆಕೆ ನೆಹಾಂಡಾ. ಶೋನಾ ಜನರ ನಂಬಿಕೆಯಲ್ಲಿ ನೆಹಾಂಡಾ ಎಂಬುದು ಪೂರ್ವಜೆಯೊಬ್ಬಳ ಆತ್ಮದ ಹೆಸರು. ಆ ಆತ್ಮವನ್ನು ಮೈಮೇಲೆ ಆವಾಹಿಸಿಕೊಳ್ಳುತ್ತಿದ್ದ ಚಾರ್ವೆ ಎಂಬ ಮಹಿಳೆಯನ್ನು 1898ರ ಏಪ್ರಿಲ್‌ನಲ್ಲಿ ಅದೇ ಊರಿನಲ್ಲಿ, ಅಂದಿನ ಸಾಲಿಸ್‌ಬರಿಯಲ್ಲಿ, ಗಲ್ಲಿಗೇರಿಸಲಾಗಿತ್ತು. ಅವಳ ಮೇಲಿದ್ದ ಆರೋಪ, ಪೊಲಾರ್ಡ್ ಎಂಬ ಬಿಳಿಯ ಅಧಿಕಾರಿಯನ್ನು ಕೊಲ್ಲಿಸಿದ್ದು. ಪ್ರತಿಮೆಯ ಅನಾವರಣದ ಭಾಷಣಗಳಲ್ಲಿ ನೆಹಾಂಡಾಳ ಹೆಸರು ನೂರು ಬಾರಿ ಬಂದಿರಬಹುದು. ಆದರೆ ಪೊಲಾರ್ಡ್ ಯಾರು, ಅವನು ಹಿಡಿದಿದ್ದ ಹುದ್ದೆ ಯಾವುದು, ಆ ಹುದ್ದೆಯ ಹಿಂದಿದ್ದ ಇಲಾಖೆ ಮುಂದೆ ಏನಾಯಿತು ಎಂಬ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಹುತಾತ್ಮರ ಕಥೆ ಹೇಳುವಷ್ಟು ಸುಲಭವಾಗಿ ಕಚೇರಿಯ ಕಥೆ ಹೇಳಲಾಗದು.

ಪೊಲಾರ್ಡ್, ಮಜೋಯಿ ಪ್ರದೇಶದ ನೇಟಿವ್ ಕಮಿಷನರ್. ಕಪ್ಪು ಜನರ ಮೇಲ್ವಿಚಾರಣೆಗೆಂದೇ ನೇಮಕಗೊಂಡವನು. ಅವನ ಇಲಾಖೆ ಎಂಬತ್ತಕ್ಕೂ ಹೆಚ್ಚು ವರ್ಷ ಬಾಳಿತು. ಮೊದಲು ಕಂಪನಿಯ ಒಂದು ಶಾಖೆಯಾಗಿ, ನಂತರ ನೇಟಿವ್ ವ್ಯವಹಾರ ಇಲಾಖೆಯಾಗಿ, ಕೊನೆಗೆ ‘ಆಂತರಿಕ ವ್ಯವಹಾರಗಳ ಸಚಿವಾಲಯ’ ಎಂಬ ನಿರಪಾಯಕಾರಿ ಹೆಸರನ್ನು ಹೊತ್ತು ದಕ್ಷಿಣ ರೊಡೇಸಿಯಾದ ಹಳ್ಳಿಗಳನ್ನು ಅದು ಆಳಿತು. ಕಾಲೇಜಿನಲ್ಲಿ ಆಧುನಿಕ ಆಫ್ರಿಕಾದ ಇತಿಹಾಸವನ್ನು ಹಲವು ವರ್ಷ ಪಾಠ ಮಾಡಿದ ನನಗೆ ವಿದ್ಯಾರ್ಥಿಗಳಿಂದ ಪದೇಪದೇ ಎದುರಾಗುತ್ತಿದ್ದ ಪ್ರಶ್ನೆ ಒಂದೇ: ಅಷ್ಟು ಕಡಿಮೆ ಸಂಖ್ಯೆಯ ಬಿಳಿಯರು ಅಷ್ಟು ಜನರನ್ನು ಅಷ್ಟು ದೀರ್ಘಕಾಲ ಹೇಗೆ ಆಳಿದರು? ಬಂದೂಕು ಎಂಬುದು ಈ ಪ್ರಶ್ನೆಗೆ ಅರ್ಧ ಉತ್ತರ ಮಾತ್ರ. ಉಳಿದರ್ಧ ಈ ಇಲಾಖೆಯ ದಫ್ತರಗಳಲ್ಲಿದೆ.

ಸೆಸಿಲ್ ರೋಡ್ಸ್‌ನ ಬ್ರಿಟಿಷ್ ಸೌತ್ ಆಫ್ರಿಕಾ ಕಂಪನಿಗೆ 1889ರಲ್ಲಿ ರಾಣಿಯ ಸನದು ದೊರೆಯಿತು. ಮರುವರ್ಷದ ಸೆಪ್ಟೆಂಬರ್‌ನಲ್ಲಿ ಅದರ ದಂಡು ಸಾಲಿಸ್‌ಬರಿಯಲ್ಲಿ ಧ್ವಜ ನೆಟ್ಟಿತು. ಬಂದವರಿಗೆಲ್ಲ ತಲಾ 3000 ಎಕರೆ ಜಮೀನು, ಜತೆಗೆ ಚಿನ್ನದ ಗಣಿ ಹಕ್ಕುಗಳ ಆಶ್ವಾಸನೆ ಇತ್ತು. ಚಿನ್ನ ನಿರೀಕ್ಷಿಸಿದಷ್ಟು ಸಿಗಲಿಲ್ಲ. ಜಮೀನಿಗೆ ಬೆಲೆ ಬರಬೇಕಾದರೆ ಅದರಲ್ಲಿ ದುಡಿಯುವವರು ಬೇಕು. ದುಡಿಯುವವರಿಗೋ ತಮ್ಮದೇ ಹೊಲ, ತಮ್ಮದೇ ದನಕರು ಇದ್ದವು. ಬೇರೆಯವರ ಹೊಲದಲ್ಲಿ ಬೆವರು ಸುರಿಸುವ ಅಗತ್ಯವೇ ಇರಲಿಲ್ಲ. ಈ ಅಗತ್ಯವನ್ನು ಸೃಷ್ಟಿಸುವುದೇ ಇಲಾಖೆಯ ಮೊದಲ ಕೆಲಸವಾಯಿತು. 1894ರಲ್ಲಿ ಪ್ರತಿ ಗುಡಿಸಲಿಗೆ ಹತ್ತು ಶಿಲಿಂಗ್ ತೆರಿಗೆ ಜಾರಿಗೆ ಬಂತು. ಹಣದ ಚಲಾವಣೆಯೇ ಇಲ್ಲದ ಹಳ್ಳಿಯಲ್ಲಿ ಹತ್ತು ಶಿಲಿಂಗ್ ಎಲ್ಲಿಂದ ತರಬೇಕು? ಧಾನ್ಯ, ಆಡು, ದನಗಳ ರೂಪದಲ್ಲಿ ವಸೂಲಿ ನಡೆಯಿತು. ಕೊಡಲಾಗದವರು ಗಣಿಗೋ ಬಿಳಿಯನ ಫಾರಂಗೋ ಹೋಗಿ ದುಡಿಯಬೇಕು. ಬೊಕ್ಕಸ ತುಂಬುವುದು ಮತ್ತು ಕೂಲಿಗಳನ್ನು ಒದಗಿಸುವುದು, ಎರಡೂ ಒಂದೇ ಏಟಿಗೆ ಸಾಧ್ಯವಾಯಿತು.

ಇದರ ಫಲ 1896ರಲ್ಲಿ ಕಂಡಿತು. ಮಾರ್ಚ್‌ನಲ್ಲಿ ಎನ್‌ಡೆಬೆಲೆ ಜನ, ಜೂನ್‌ನಲ್ಲಿ ಶೋನಾ ಜನ ದಂಗೆ ಎದ್ದರು. ದೇಶದಲ್ಲಿದ್ದ ಬಿಳಿಯರ ಪೈಕಿ ಸುಮಾರು ಹತ್ತನೇ ಒಂದರಷ್ಟು ಮಂದಿ ಸತ್ತರು. ಪೊಲಾರ್ಡ್ ಸತ್ತದ್ದು ಆಗಲೇ. ದಂಗೆಯನ್ನು ಅಡಗಿಸುವಾಗ ಅದೆಷ್ಟು ಆಫ್ರಿಕನ್ನರು ಸತ್ತರೆಂಬುದನ್ನು ಯಾರೂ ಲೆಕ್ಕ ಇಡಲಿಲ್ಲ. ಸತ್ತವರ ಲೆಕ್ಕದಲ್ಲೂ ವಸಾಹತುಶಾಹಿಗೆ ಎರಡು ಬಗೆಯ ಲೆಕ್ಕಪುಸ್ತಕಗಳಿದ್ದವು.

ದಂಗೆಯ ನಂತರ ಲಂಡನ್ ಎಚ್ಚೆತ್ತಿತು. ಕಂಪನಿಯ ಲಂಗುಲಗಾಮಿಲ್ಲದ ಆಡಳಿತವೇ ರಕ್ತಪಾತಕ್ಕೆ ಕಾರಣವೆಂದು ಮನಗಂಡು 1898ರ ರಾಜಾಜ್ಞೆಯ ಮೂಲಕ ಮೇಲ್ವಿಚಾರಣೆಯನ್ನು ಬಿಗಿಗೊಳಿಸಿತು. ಆಫ್ರಿಕನ್ನರಿಗೆ ಸಾಕಷ್ಟು ಭೂಮಿಯನ್ನು ಮೀಸಲಿಡಬೇಕು, ಅವರ ವ್ಯವಹಾರಗಳಿಗೆ ಪ್ರತ್ಯೇಕ ಇಲಾಖೆ ಇರಬೇಕು ಎಂದಾಯಿತು. ಗಮನಿಸಬೇಕಾದ ಸಂಗತಿ ಇದು: ಪ್ರತ್ಯೇಕ ಇಲಾಖೆಯ ಕಲ್ಪನೆ ಅಂದಿನ ಮಾನದಂಡದಲ್ಲಿ ದಬ್ಬಾಳಿಕೆಯ ಉಪಾಯವಾಗಿರಲಿಲ್ಲ, ರಕ್ಷಣೆಯ ಉಪಾಯವಾಗಿತ್ತು. ಲೂಟಿಕೋರ ವಲಸಿಗರಿಂದ ‘ಮುಗ್ಧ ಸ್ಥಳೀಯ’ರನ್ನು ಕಾಯುವ ತಂದೆಯ ಪಾತ್ರವನ್ನು ಇಲಾಖೆ ತಾನೇ ವಹಿಸಿಕೊಂಡಿತು. ಈ ಪಿತೃಭಾವ ಕೊನೆಯವರೆಗೂ ಅದನ್ನು ಬಿಡಲಿಲ್ಲ. ಅದರ ಅಧಿಕಾರಿಗಳ ಪೈಕಿ ಹಲವರು ಪ್ರಾಮಾಣಿಕರೂ ಕಷ್ಟಸಹಿಷ್ಣುಗಳೂ ಆಗಿದ್ದರೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಮಕ್ಕಳು ಬೆಳೆದು ದೊಡ್ಡವರಾಗುವುದನ್ನು ಎಂದೂ ಒಪ್ಪದ ತಂದೆಯ ಮನೆಯಲ್ಲಿ ಏನಾಗುತ್ತದೆಂದು ಊಹಿಸುವುದು ಕಷ್ಟವಲ್ಲ.

ನೇಟಿವ್ ಕಮಿಷನರ್ ತೆರಿಗೆ ವಸೂಲಿ ಮಾಡುತ್ತಿದ್ದ, ಜನಗಣತಿ ನಡೆಸುತ್ತಿದ್ದ, ಮದುವೆ ನೋಂದಾಯಿಸುತ್ತಿದ್ದ, ಊರ ಮುಖಂಡರ ನೇಮಕಕ್ಕೂ ವಜಾಕ್ಕೂ ಶಿಫಾರಸು ಮಾಡುತ್ತಿದ್ದ, ಕೆಲಸ ಹುಡುಕಿಕೊಂಡು ಹೊರಗೆ ಹೋಗುವವರಿಗೆ ಪಾಸು ಕೊಡುತ್ತಿದ್ದ, ವ್ಯಾಜ್ಯಗಳ ತೀರ್ಪನ್ನೂ ನೀಡುತ್ತಿದ್ದ. ದೂರು ಕೊಡಬೇಕಾದವರು ಅವನ ವಿರುದ್ಧದ ದೂರನ್ನೂ ಅವನಿಗೇ ಕೊಡಬೇಕಿತ್ತು. ನಮ್ಮ ಓದುಗರಿಗೆ ಬ್ರಿಟಿಷ್ ಕಾಲದ ಕಲೆಕ್ಟರ್ ನೆನಪಾಗಬಹುದು. ಕಾರ್ಯಾಂಗ ಮತ್ತು ನ್ಯಾಯಾಂಗಗಳನ್ನು ಬೇರ್ಪಡಿಸಿ ಎಂಬ ಬೇಡಿಕೆಯನ್ನು ಕಾಂಗ್ರೆಸ್ ತನ್ನ ಆರಂಭದ ಅಧಿವೇಶನಗಳಲ್ಲೇ ಮುಂದಿಟ್ಟಿತ್ತು. ರೊಡೇಸಿಯಾದಲ್ಲಿ ಆ ಮಾತಿಗೆ ಅಧಿಕೃತ ಮನ್ನಣೆ ದೊರೆಯಲು 1961ರ ರಾಬಿನ್ಸನ್ ಆಯೋಗದವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಈ ಇಲಾಖೆ ಸರಕಾರದೊಳಗಿನ ಇನ್ನೊಂದು ಸರಕಾರವಾಗಿಯೇ ಇತ್ತು. ಮುಖ್ಯ ನೇಟಿವ್ ಕಮಿಷನರ್ ಹರ್ಬರ್ಟ್ ಟೇಲರ್ 1890ರ ದಶಕದಲ್ಲಿ ಇಲಾಖೆಗೆ ಸೇರಿದವನು ನಿವೃತ್ತನಾದದ್ದು 1928ರಲ್ಲಿ. ಈ ನಡುವೆ ಕಂಪನಿಯ ಆಡಳಿತವೇ ಮುಗಿದು 1923ರಲ್ಲಿ ಬಿಳಿಯರಿಗೆ ಸ್ವಯಮಾಡಳಿತ ಬಂದಿತ್ತು.

1904ರಲ್ಲಿ ಗುಡಿಸಲು ತೆರಿಗೆ ತಲೆಗಂದಾಯವಾಯಿತು: ಪ್ರತಿ ವಯಸ್ಕ ಗಂಡಸಿಗೆ ಒಂದು ಪೌಂಡ್, ಮೊದಲ ಹೆಂಡತಿಯ ನಂತರದ ಪ್ರತಿ ಹೆಂಡತಿಗೆ ಹತ್ತು ಶಿಲಿಂಗ್. 1927ರ ನೇಟಿವ್ ವ್ಯವಹಾರಗಳ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಧಿಕಾರಿಗೆ ಉದ್ಧಟತನ ತೋರುವುದನ್ನೇ ಅಪರಾಧವಾಗಿಸಿತು. ಉದ್ಧಟತನವೆಂದರೆ ಏನು? ಟೋಪಿ ತೆಗೆಯದಿರುವುದೇ, ಎದ್ದು ನಿಲ್ಲದಿರುವುದೇ, ಧ್ವನಿ ಏರಿಸುವುದೇ? ಅಧಿಕಾರಿಗೆ ಹಾಗೆ ಅನಿಸಿದರೆ ಸಾಕು. ಸ್ವಾಭಿಮಾನದ ಮೇಲೆ ದಂಡ ವಿಧಿಸುವ ಇಂಥ ಕಾನೂನನ್ನು ಇಂದು ಓದುವಾಗ ನಗು ಬರಬಹುದು. ಕಟಕಟೆಯಲ್ಲಿ ನಿಂತವನಿಗೆ ಬಂದಿರಲಾರದು.

ಈ ಇಲಾಖೆಯನ್ನು ಬರೀ ಒರಟರ ಕೂಟವೆಂದು ತಳ್ಳಿಹಾಕಿದರೆ ಅದರ ಶಕ್ತಿ ಎಲ್ಲಿತ್ತೆಂಬುದು ಅರ್ಥವಾಗುವುದಿಲ್ಲ. 1923ರಿಂದ 1980ರವರೆಗೆ ಅದು ‘ನಾಡಾ’ ಎಂಬ ವಾರ್ಷಿಕ ಸಂಚಿಕೆಯನ್ನು ಹೊರತಂದಿತು. ಇಲಾಖೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿ ಮಾಡಿದ ಹೆಸರು ಅದು. ಅದರ ಕೆಲವು ಹಳೆಯ ಸಂಚಿಕೆಗಳನ್ನು ಓದುವ ಅವಕಾಶ ನನಗೆ ಸಿಕ್ಕಿತ್ತು. ಕುಲಗಳ ವಂಶಾವಳಿ, ಜನಪದ ಕಥೆಗಳು, ಗಾದೆಗಳು, ಮಳೆ ಬರಿಸುವ ಆಚರಣೆಗಳು, ಗಿಡಮೂಲಿಕೆಗಳು, ಸ್ಥಳನಾಮಗಳು ಎಲ್ಲವೂ ಅದರಲ್ಲಿವೆ. ದೂರದ ಠಾಣೆಯಲ್ಲಿ ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ಕುಳಿತು ಶೋನಾ ಗಾದೆಯೊಂದರ ಅರ್ಥವನ್ನು ಬಿಡಿಸುತ್ತಿರುವ ಅಧಿಕಾರಿಯ ಚಿತ್ರ ಕಣ್ಣಮುಂದೆ ಬಂದಾಗ ಮೆಚ್ಚುಗೆಯಾಗದೇ ಇರದು. ಇಂದಿನ ಜಿಂಬಾಬ್ವೆಯ ವಿದ್ವಾಂಸರೂ ಎಷ್ಟೋ ವಿಷಯಗಳಿಗೆ ಈ ಸಂಚಿಕೆಗಳನ್ನೇ ತಿರುವಿಹಾಕಬೇಕಾಗಿದೆ.

ಆದರೆ ಅದೇ ಅಧಿಕಾರಿ ಮರುದಿನ ಬೆಳಿಗ್ಗೆ ಆ ಜ್ಞಾನವನ್ನು ಮೇಜಿನ ಮೇಲಿಟ್ಟುಕೊಂಡು ತೀರ್ಪು ಕೊಡಲು ಕೂರುತ್ತಿದ್ದ. ಊರಿನಿಂದ ಊರಿಗೆ, ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತಿದ್ದ ರೂಢಿಗಳು ಅವನ ಲೇಖನಿಯಲ್ಲಿ ಕಲ್ಲಿನ ಮೇಲಿನ ಬರಹವಾದವು. ಊರಿನ ‘ಸಂಪ್ರದಾಯ’ ಏನೆಂದು ಅವನಿಗೆ ಹೇಳುತ್ತಿದ್ದವರು ವಯಸ್ಸಾದ ಗಂಡಸರು. ಹೆಂಗಸರ ಪಾಲಿಗೆ ಇದರ ಪರಿಣಾಮ ಏನಾಯಿತೆಂಬುದನ್ನು ಎರಡು ಕಾನೂನುಗಳಲ್ಲಿ ಕಾಣಬಹುದು. 1901ರ ವಿವಾಹ ಶಾಸನ, ಹುಡುಗಿಯ ಒಪ್ಪಿಗೆ ಇಲ್ಲದೆ ಮದುವೆ ಇಲ್ಲ, ಎಳೆಯ ಮಗುವನ್ನು ಒತ್ತೆ ಇಡುವಂತಿಲ್ಲ ಎಂದಿತು. ಒಳ್ಳೆಯ ಕಾನೂನೇ. ಹೆಣ್ಣುಮಕ್ಕಳು ಅದರ ಆಸರೆ ಪಡೆದು ಇಷ್ಟವಿಲ್ಲದ ಗಂಡನನ್ನು ನಿರಾಕರಿಸತೊಡಗಿದರು. ಕೆಲವರು ಗಣಿಗಳತ್ತ, ಪಟ್ಟಣಗಳತ್ತ, ಮಿಷನ್‌ಗಳತ್ತ ಓಡಿದರು. ಹಿರಿಯರು ಕಮಿಷನರ್ ಬಳಿ ಗೋಳಾಡಿದರು. ಹಿರಿಯರ ಸಹಕಾರವಿಲ್ಲದೆ ತೆರಿಗೆಯೂ ಬರದು, ಕೂಲಿಯೂ ಬರದು. 1916ರಲ್ಲಿ ವ್ಯಭಿಚಾರವನ್ನು ಕ್ರಿಮಿನಲ್ ಅಪರಾಧವಾಗಿಸುವ ಶಾಸನ ಬಂತು, ಆದರೆ ಆಫ್ರಿಕನ್ನರಿಗೆ ಮಾತ್ರ. ಬಿಡುಗಡೆಯ ಬಾಗಿಲನ್ನು ತೆರೆದವರೇ ಅದಕ್ಕೆ ಅಗುಳಿ ಹಾಕಿದರು.

ಇನ್ನು ಭೂಮಿಯ ವಿಚಾರಕ್ಕೆ ಬರೋಣ. ಇಡೀ ಕಥೆಯ ಗಂಟು ಇರುವುದು ಅಲ್ಲಿಯೇ. 1898ರ ರಾಜಾಜ್ಞೆಯ ಪ್ರಕಾರ ಆಫ್ರಿಕನ್ನರು ದೇಶದ ಎಲ್ಲಿ ಬೇಕಾದರೂ ಜಮೀನು ಕೊಳ್ಳಬಹುದಿತ್ತು. ಹಾಗೆ ಕೊಂಡವರು ಬೆರಳೆಣಿಕೆಯಷ್ಟು ಮಂದಿ. ಆದರೂ ಬಿಳಿಯರಿಗೆ ಅದು ಸಹನೆಯಾಗಲಿಲ್ಲ. 1930ರ ಭೂ ಹಂಚಿಕೆ ಕಾಯ್ದೆ ದೇಶವನ್ನು ಬಣ್ಣದ ಆಧಾರದ ಮೇಲೆ ಹರಿದು ಹಂಚಿತು. ಸುಮಾರು 50 ಸಾವಿರದಷ್ಟಿದ್ದ ಬಿಳಿಯರಿಗೆ 4.9 ಕೋಟಿ ಎಕರೆ, ಅಂದರೆ ದೇಶದ ಅರ್ಧಕ್ಕಿಂತ ಹೆಚ್ಚು. ಹತ್ತು ಲಕ್ಷಕ್ಕೂ ಹೆಚ್ಚಿದ್ದ ಆಫ್ರಿಕನ್ನರಿಗೆ ಮೀಸಲು ಪ್ರದೇಶವಾಗಿ 2.1 ಕೋಟಿ ಎಕರೆ. ಎಲ್ಲಿ ಬೇಕಾದರೂ ಕೊಳ್ಳುವ ಹಕ್ಕನ್ನು ಕಳೆದುಕೊಂಡದ್ದಕ್ಕೆ ಪರಿಹಾರವೆಂಬಂತೆ ಸುಮಾರು 75 ಲಕ್ಷ ಎಕರೆಯ ‘ಖರೀದಿ ಪ್ರದೇಶ’. ರೈಲು ಹಾದಿ, ಒಳ್ಳೆಯ ಮಳೆ, ಕೆಂಪು ಮಣ್ಣು ಯಾರ ಪಾಲಿಗೆ ಹೋಯಿತೆಂದು ಬೇರೆ ಹೇಳಬೇಕಾಗಿಲ್ಲ. ಮೀಸಲು ಪ್ರದೇಶಗಳು ಬಹುಪಾಲು ಮರಳು ನೆಲ. ಬಿಳಿಯರ ಪಾಲಿಗೆ ಬಂದ ನೆಲದಲ್ಲಿ ತಲೆತಲಾಂತರದಿಂದ ಬಾಳಿದ್ದವರು ರಾತ್ರೋರಾತ್ರಿ ಒತ್ತುವರಿದಾರರಾದರು. ಅವರನ್ನು ಲಾರಿಗಳಲ್ಲಿ ತುಂಬಿ ಮೀಸಲು ಪ್ರದೇಶಗಳಿಗೆ ಸಾಗಿಸುವ ಕೆಲಸ ಮುಂದಿನ ಮೂರು ದಶಕ ನಡೆಯಿತು. ಅದೂ ನೇಟಿವ್ ಇಲಾಖೆಯದೇ ಹೊಣೆ.

ಕಿಕ್ಕಿರಿದ ಮರಳು ನೆಲ ಸವೆಯತೊಡಗಿತು. ಇಲಾಖೆಯ ಪ್ರಕಾರ ಇದಕ್ಕೆ ಕಾರಣ ಜಮೀನಿನ ಕೊರತೆಯಲ್ಲ, ಆಫ್ರಿಕನ್ ರೈತನ ಅಜ್ಞಾನ. ಈ ಅಜ್ಞಾನವನ್ನು ನೀಗಿಸಲು ಬಂದ ವ್ಯಕ್ತಿ ಎಮೊರಿ ಆಲ್ವರ್ಡ್. ಅಮೆರಿಕದಿಂದ ಬಂದ ಮಿಷನರಿ. ಮೌಂಟ್ ಸೆಲಿಂಡಾ ಮಿಷನ್‌ನಲ್ಲಿ ಕೃಷಿ ಕಲಿಸುತ್ತಿದ್ದವನನ್ನು ಸರಕಾರ 1926ರಲ್ಲಿ ತನ್ನ ಸೇವೆಗೆ ತೆಗೆದುಕೊಂಡಿತು. ಬೈಬಲ್ಲಿನಷ್ಟೇ ನೇಗಿಲನ್ನೂ ನಂಬಿದ್ದ ಮನುಷ್ಯ ಆತ. ಆಫ್ರಿಕನ್ ಯುವಕರಿಗೆ ತರಬೇತಿ ಕೊಟ್ಟು ಹಳ್ಳಿಗಳಿಗೆ ಕಳಿಸಿದ. ಅವರು ಗೊಬ್ಬರ ಹಾಕಿ ಸರದಿ ಬೆಳೆ ಬೆಳೆದು ಅಕ್ಕಪಕ್ಕದವರ ಹೊಲಕ್ಕಿಂತ ಹಲವು ಪಟ್ಟು ಮೆಕ್ಕೆಜೋಳ ತೆಗೆದು ತೋರಿಸಿದರು. ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಆಲ್ವರ್ಡ್ ಅಷ್ಟಕ್ಕೇ ನಿಲ್ಲಲಿಲ್ಲ. 1929ರಲ್ಲಿ ಸೆಲುಕ್ವೆ ಮೀಸಲು ಪ್ರದೇಶದಲ್ಲಿ ‘ಕೇಂದ್ರೀಕರಣ’ ಎಂಬ ಯೋಜನೆ ಆರಂಭವಾಯಿತು. ಒಂದು ಕಡೆ ಹೊಲ, ಇನ್ನೊಂದು ಕಡೆ ಹುಲ್ಲುಗಾವಲು, ನಡುವೆ ಸರಳರೇಖೆಯಲ್ಲಿ ಮೈಲುಗಟ್ಟಲೆ ಮನೆಗಳು. ಗುಡ್ಡದ ಬುಡದಲ್ಲೋ ಹಿರಿಯರ ಸಮಾಧಿಯ ಹತ್ತಿರವೋ ಗುಂಪುಗುಂಪಾಗಿದ್ದ ಗುಡಿಸಲುಗಳು ಗೂಟ ನೆಟ್ಟು ಎಳೆದ ಗೆರೆಯ ಮೇಲೆ ಬಂದು ನಿಂತವು. ಜನ ಆ ಸಾಲುಮನೆಗಳಿಗೆ ‘ಲೈನು’ ಎಂಬ ಇಂಗ್ಲಿಷ್ ಪದವನ್ನೇ ತಮ್ಮ ಬಾಯಿಗೆ ಒಗ್ಗಿಸಿಕೊಂಡರು.

ಶೋನಾ ರೈತನಿಗೆ ಕೃಷಿ ಗೊತ್ತಿರಲಿಲ್ಲವೇ? ಅವರ ‘ರಪೋಕೊ’ ಎಂದರೆ ನಮ್ಮ ರಾಗಿಯೇ. ರಾಗಿ ಆಫ್ರಿಕಾದಿಂದಲೇ ನಮ್ಮ ನಾಡಿಗೆ ಬಂದ ಧಾನ್ಯ. ಮುದ್ದೆಗೆ ಕೈ ಹಾಕುವ ಪ್ರತಿಯೊಬ್ಬ ಕನ್ನಡಿಗನೂ ಆ ಖಂಡದ ರೈತರ ಬುದ್ಧಿವಂತಿಕೆಯ ಫಲಾನುಭವಿ. ಒಂದೇ ಹೊಲದಲ್ಲಿ ಹಲವು ಬೆಳೆ ಬಿತ್ತಿ ಮಳೆಯ ಅನಿಶ್ಚಿತತೆಯನ್ನು ಎದುರಿಸುವುದು, ತಗ್ಗಿನ ಒದ್ದೆ ನೆಲದಲ್ಲಿ ಬೇಸಿಗೆಯಲ್ಲೂ ಒಂದಿಷ್ಟು ಬೆಳೆದುಕೊಳ್ಳುವುದು ಅವರಿಗೆ ತಿಳಿದಿತ್ತು. ಮಿಶ್ರ ಬೆಳೆಯನ್ನು ಇಲಾಖೆ ಅಸ್ತವ್ಯಸ್ತವೆಂದು ಹಳಿಯಿತು. ಒದ್ದೆ ನೆಲದ ಸಾಗುವಳಿಯನ್ನು ಮಣ್ಣಿನ ಸಂರಕ್ಷಣೆಯ ಹೆಸರಿನಲ್ಲಿ ನಿಷೇಧಿಸಿತು. ಇನ್ನೊಂದು ವಿಪರ್ಯಾಸವಿದೆ. ಆಲ್ವರ್ಡ್‌ನ ಮಾತು ಕೇಳಿ ಮೆಕ್ಕೆಜೋಳ ಹೆಚ್ಚು ಬೆಳೆದ ರೈತ ಅದನ್ನು ಮಾರಲು ಹೊರಟಾಗ 1931ರ ಮೆಕ್ಕೆಜೋಳ ನಿಯಂತ್ರಣ ಕಾಯ್ದೆ ಅಡ್ಡ ಬಂತು. ಬೆಲೆ ಕುಸಿತದ ಆ ವರ್ಷಗಳಲ್ಲಿ ಬಿಳಿಯ ರೈತರನ್ನು ಉಳಿಸಲು ರೂಪಿಸಿದ ಆ ವ್ಯವಸ್ಥೆಯಲ್ಲಿ ಆಫ್ರಿಕನ್ ರೈತನಿಗೆ ಸಿಕ್ಕಿದ್ದು ಕಡಿಮೆ ದರ. ಸರಕಾರದ ಒಂದು ಕೈ ಬಿತ್ತಲು ಕಲಿಸಿತು, ಇನ್ನೊಂದು ಕೈ ಸಂತೆಯ ದಾರಿ ಮುಚ್ಚಿತು.

1941ರ ನೈಸರ್ಗಿಕ ಸಂಪನ್ಮೂಲ ಕಾಯ್ದೆಯ ನಂತರ ಸಲಹೆ ಹೋಗಿ ಆಜ್ಞೆ ಬಂತು. ಹೊಲಗಳಿಗೆ ಸಮಪಾತಳಿ ಬದು ಹಾಕುವುದು ಕಡ್ಡಾಯ, ಕೂಲಿ ಇಲ್ಲ. ದನಗಳ ಸಂಖ್ಯೆ ಹೆಚ್ಚಾಗಿದೆ, ಮಾರಿ. ಬೆಲೆ ನಿಗದಿ ನಿಮ್ಮ ಕೈಯಲ್ಲಿಲ್ಲ. ದನವೆಂದರೆ ಅಲ್ಲಿಯೂ ಬರೀ ಮಾಂಸವಲ್ಲ. ಉಳುಮೆ, ಗೊಬ್ಬರ, ತೆರ, ಪಿತೃಗಳಿಗೆ ಸಲ್ಲಿಸುವ ಗೌರವ ಎಲ್ಲವೂ ಅದೇ. ಇದೆಲ್ಲದರ ಶಿಖರ 1951ರ ನೇಟಿವ್ ಭೂ ಸಾಗುವಳಿ ಕಾಯ್ದೆ. ಸಮುದಾಯದ ನೆಲವನ್ನು ಅಳೆದು ಪ್ರತಿ ಕುಟುಂಬಕ್ಕೆ ಸುಮಾರು ಎಂಟು ಎಕರೆ ಹೊಲ, ಆರು ದನ ಮೇಯಿಸುವ ಹಕ್ಕು ಎಂದು ನಿಗದಿ ಮಾಡುವ ಮಹಾಯೋಜನೆ ಇದು. ಒಬ್ಬ ರೈತನಿಗೆ ಖಾಯಂ ಹಕ್ಕುಪತ್ರ ಸಿಗುವುದು ಒಳ್ಳೆಯದೇ ಅಲ್ಲವೇ ಎಂದು ಇಲಾಖೆ ವಾದಿಸಿತು. ಆದರೆ ಹಂಚಲು ನೆಲವೇ ಸಾಲದಾಗಿತ್ತು. ಅಳತೆಯ ದಿನ ಪಟ್ಟಣದಲ್ಲಿ ದುಡಿಯುತ್ತಿದ್ದವನ ಹೆಸರು ಪಟ್ಟಿಗೆ ಬರಲಿಲ್ಲ. ಮುಂದೆ ಮದುವೆಯಾಗಬೇಕಿದ್ದ ಹುಡುಗನಿಗೆ ಏನೂ ಉಳಿಯಲಿಲ್ಲ. ಊರಲ್ಲಿ ಜಮೀನಿಲ್ಲ, ಪಟ್ಟಣದಲ್ಲಿ ಮನೆಯಿಲ್ಲ. 1957ರಲ್ಲಿ ಹುಟ್ಟಿದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್‌ಗೆ ಹಳ್ಳಿಹಳ್ಳಿಗಳಲ್ಲಿ ಸದಸ್ಯರನ್ನು ಒದಗಿಸಿದ್ದು ಈ ಕಾಯ್ದೆಯೇ ಎಂಬುದನ್ನು ಅದರ ನಾಯಕರೇ ಲಘುವಾಗಿ ಹೇಳುತ್ತಿದ್ದರು. ಅಧಿಕಾರಿಗಳ ಮಾತು ಕೇಳದ ಮುಖಂಡ ಮಾಂಗ್ವೆಂಡೆಯನ್ನು 1960ರಲ್ಲಿ ಪದಚ್ಯುತಗೊಳಿಸಲಾಯಿತು. ಅವನ ಪ್ರದೇಶದ ಅಶಾಂತಿಯ ಬಗ್ಗೆ ವಿಚಾರಣಾ ಆಯೋಗವೂ ನೇಮಕವಾಯಿತು. 1960ರ ದಶಕದ ಆರಂಭದಲ್ಲಿ ಇಲಾಖೆ ತನ್ನ ಈ ಮಹಾಯೋಜನೆಯನ್ನು ಸದ್ದಿಲ್ಲದೆ ಕೈಬಿಟ್ಟಿತು.

1962ರಲ್ಲಿ ‘ನೇಟಿವ್’ ಎಂಬ ಪದಕ್ಕೂ ವಿದಾಯ ಹೇಳಲಾಯಿತು. ನೇಟಿವ್ ಕಮಿಷನರ್ ಡಿಸ್ಟ್ರಿಕ್ಟ್ ಕಮಿಷನರ್ ಆದ. ಇಲಾಖೆ ಆಂತರಿಕ ವ್ಯವಹಾರಗಳ ಸಚಿವಾಲಯವಾಯಿತು. ನ್ಯಾಯ ನೀಡುವ ಅಧಿಕಾರದ ಬಹುಭಾಗ ಮ್ಯಾಜಿಸ್ಟ್ರೇಟರ ಪಾಲಾಯಿತು. ಹೊಸ ಘೋಷಣೆ ‘ಸಮುದಾಯ ಅಭಿವೃದ್ಧಿ’. ನಮ್ಮಲ್ಲಿ 1952ರಲ್ಲಿ ಆರಂಭವಾದ ಕಾರ್ಯಕ್ರಮದ ಹೆಸರೂ ಅದೇ ಆಗಿದ್ದುದರಿಂದ ಆ ಪದ ನಮಗೆ ಅಪರಿಚಿತವಲ್ಲ. ಆದರೆ ಅದೇ ವರ್ಷದ ಡಿಸೆಂಬರ್‌ನಲ್ಲಿ ಅಧಿಕಾರಕ್ಕೆ ಬಂದ ರೊಡೇಸಿಯನ್ ಫ್ರಂಟ್ ಪಕ್ಷದ ಕೈಯಲ್ಲಿ ಆ ಘೋಷಣೆಯ ಅರ್ಥ ಬೇರೆಯಾಯಿತು: ಆಫ್ರಿಕನ್ನರ ಶಾಲೆ, ರಸ್ತೆ, ಆಸ್ಪತ್ರೆಗಳ ಭಾರವನ್ನು ಆಫ್ರಿಕನ್ನರೇ ತಮ್ಮ ಹಳ್ಳಿಯೊಳಗೇ ಹೊತ್ತುಕೊಳ್ಳಲಿ, ರಾಷ್ಟ್ರ ರಾಜಕಾರಣದ ಗೊಡವೆ ಅವರಿಗೆ ಬೇಡ. ದಶಕಗಳ ಕಾಲ ಮುಖಂಡರ ಅಧಿಕಾರವನ್ನು ಕಿತ್ತುಕೊಳ್ಳುತ್ತಾ ಬಂದ ಇಲಾಖೆ ಈಗ ದಿಢೀರನೆ ಅವರೇ ಜನರ ನಿಜವಾದ ಪ್ರತಿನಿಧಿಗಳೆಂದು ಕಂಡುಕೊಂಡಿತು. ಅವರ ಭತ್ಯೆ ಏರಿತು. 1964ರ ಅಕ್ಟೋಬರ್‌ನಲ್ಲಿ ಡೊಂಬೊಶಾವಾದಲ್ಲಿ 600ಕ್ಕೂ ಹೆಚ್ಚು ಮುಖಂಡರನ್ನು ಸೇರಿಸಿ, ಬಿಳಿಯರ ಸರಕಾರದ ಅಡಿಯಲ್ಲೇ ದೇಶಕ್ಕೆ ಸ್ವಾತಂತ್ರ್ಯ ಬೇಕೆಂದು ಅವರಿಂದ ಒಮ್ಮತದ ಒಪ್ಪಿಗೆ ಪಡೆಯಲಾಯಿತು. ಬ್ರಿಟನ್ ಈ ಒಮ್ಮತವನ್ನು ನಂಬಲಿಲ್ಲ. 1965ರ ನವೆಂಬರ್ 11ರಂದು ಇಯಾನ್ ಸ್ಮಿತ್ ಏಕಪಕ್ಷೀಯವಾಗಿ ಸ್ವಾತಂತ್ರ್ಯ ಘೋಷಿಸಿದ.

ಸಚಿವಾಲಯದ ಮುಖಂಡರ ಪಟ್ಟಿಯಲ್ಲಿ ಇಲ್ಲದ ಒಬ್ಬ ಮುಖಂಡನ ಕಥೆ ಇಲ್ಲಿ ಹೇಳಬೇಕು. ಪೂರ್ವದ ಇನ್ಯಾಂಗಾ ಬೆಟ್ಟಗಳಲ್ಲಿದ್ದ ರೆಕಾಯಿ ಟಾಂಗ್ವೆನಾನ ಜನ ವಾಸವಾಗಿದ್ದ ನೆಲ 1930ರ ಕಾಯ್ದೆಯಲ್ಲಿ ಬಿಳಿಯರ ಪಾಲಿಗೆ ಹೋಗಿತ್ತು. 1960ರ ದಶಕದಲ್ಲಿ ಅವರನ್ನು ಒತ್ತುವರಿದಾರರೆಂದು ಕರೆದು ಹೊರಡಲು ಹೇಳಲಾಯಿತು. ರೆಕಾಯಿ ಒಪ್ಪಲಿಲ್ಲ, ನ್ಯಾಯಾಲಯಕ್ಕೂ ಹೋದ. 1969ರಲ್ಲಿ ಪೊಲೀಸರು ಬಂದು ಗುಡಿಸಲುಗಳನ್ನು ನೆಲಸಮ ಮಾಡಿದರು. ಜನ ಬೆಟ್ಟಕ್ಕೆ ಹತ್ತಿ ಅಡಗಿದರು, ಮರಳಿ ಬಂದು ಕಟ್ಟಿದರು, ಮತ್ತೆ ಕೆಡವಿದರು. ಸಚಿವಾಲಯದ ದೃಷ್ಟಿಯಲ್ಲಿ ಆತ ಮುಖಂಡನೇ ಅಲ್ಲ. ಸಂಬಳ ಇಲ್ಲ, ಬಿಲ್ಲೆ ಇಲ್ಲ. 1975ರಲ್ಲಿ ರಾಬರ್ಟ್ ಮುಗಾಬೆ ಗಡಿ ದಾಟಿ ಮೊಜಾಂಬಿಕ್‌ಗೆ ಹೋಗಲು ದಾರಿ ತೋರಿದವನು ಈ ಬಿಲ್ಲೆಯಿಲ್ಲದ ಮುಖಂಡನೇ.

‘ನಮಗೆ ಆಫ್ರಿಕನ್ನರ ಮನಸ್ಸು ಗೊತ್ತು’ ಎಂಬುದು ಇಲಾಖೆಯ ಬಹುಕಾಲದ ಬಂಡವಾಳ. ಅದರ ಪರೀಕ್ಷೆ 1972ರಲ್ಲಿ ನಡೆಯಿತು. ಹಿಂದಿನ ನವೆಂಬರ್‌ನಲ್ಲಿ ಬ್ರಿಟನ್ ಮತ್ತು ಸ್ಮಿತ್ ನಡುವೆ ಆದ ಒಪ್ಪಂದಕ್ಕೆ ಜನರ ಒಪ್ಪಿಗೆ ಇದೆಯೇ ಎಂದು ತಿಳಿಯಲು ಲಾರ್ಡ್ ಪಿಯರ್ಸ್ ನೇತೃತ್ವದ ಆಯೋಗ ಹಳ್ಳಿಹಳ್ಳಿ ಸುತ್ತಿತು. ಹಳ್ಳಿಗರು ಮುಖಂಡರ ಮಾತಿನಂತೆ ನಡೆಯುತ್ತಾರೆ, ಮುಖಂಡರು ನಮ್ಮ ಮಾತಿನಂತೆ ನಡೆಯುತ್ತಾರೆ ಎಂಬುದು ಸಚಿವಾಲಯದ ಭರವಸೆ. ಎಂಟು ದಶಕಗಳಲ್ಲಿ ಮೊದಲ ಬಾರಿಗೆ ತಮ್ಮ ಅಭಿಪ್ರಾಯ ಕೇಳಲು ಬಂದವರ ಮುಂದೆ ಜನ ‘ಬೇಡ’ ಎಂದರು. ಮೇ ತಿಂಗಳ ವರದಿಯಲ್ಲಿ ಆಯೋಗ, ಆಫ್ರಿಕನ್ನರ ಬಹುಮತ ಒಪ್ಪಂದವನ್ನು ತಿರಸ್ಕರಿಸಿದೆ ಎಂದು ಬರೆಯಿತು. ವಂಶಾವಳಿ, ಗಾದೆ, ಮಳೆಯ ದೇವರು ಎಲ್ಲವನ್ನೂ ಬಲ್ಲ ಇಲಾಖೆಗೆ ಈ ಒಂದು ಪದ ಕೇಳಿಸಿರಲಿಲ್ಲ. ಸಚಿವಾಲಯ ಇದಕ್ಕೆ ಬೆದರಿಕೆ, ಚಿತಾವಣೆ ಎಂದು ಕಾರಣ ಕೊಟ್ಟಿತು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಈಶಾನ್ಯದ ಆಲ್ಟೆನಾ ಫಾರಂ ಮೇಲೆ ಗೆರಿಲ್ಲಾಗಳ ದಾಳಿ ನಡೆದು ಯುದ್ಧದ ಹೊಸ ಅಧ್ಯಾಯ ತೆರೆಯಿತು. ಗೆರಿಲ್ಲಾಗಳಿಗೆ ಹಳ್ಳಿಗರಿಂದ ಊಟ, ಆಶ್ರಯ, ಸುದ್ದಿ ಸಿಗದಂತೆ ಮಾಡುವುದು ಹೇಗೆ? ಬ್ರಿಟಿಷರು 1950ರ ದಶಕದಲ್ಲಿ ಮಲಯಾದಲ್ಲಿ ಮಾಡಿದ್ದನ್ನೇ ಇವರೂ ಮಾಡಿದರು. 1974ರ ಮಧ್ಯಭಾಗದಲ್ಲಿ, ಸಾಲಿಸ್‌ಬರಿಯ ಉತ್ತರಕ್ಕಿರುವ ಚಿವೆಶೆ ಪ್ರದೇಶದ ಇಡೀ ಜನಸಂಖ್ಯೆಯನ್ನು, 40 ಸಾವಿರಕ್ಕೂ ಹೆಚ್ಚು ಜನರನ್ನು, ಕೆಲವೇ ವಾರಗಳಲ್ಲಿ 21 ‘ಸಂರಕ್ಷಿತ ಗ್ರಾಮ’ಗಳಿಗೆ ಸಾಗಿಸಲಾಯಿತು. ಸುತ್ತ ಮುಳ್ಳುತಂತಿ, ನಡುವೆ ಮಣ್ಣಿನ ಕೋಟೆಯಂಥ ಠಾಣೆ, ಎತ್ತರದ ದೀಪಗಳು. ಪ್ರತಿ ಕುಟುಂಬಕ್ಕೆ ಅಂಗೈಯಗಲದ ಜಾಗ. ಗುಡಿಸಲನ್ನು ತಾವೇ ಕಟ್ಟಿಕೊಳ್ಳಬೇಕು. ಬೆಳಿಗ್ಗೆ ದ್ವಾರ ತೆರೆದಾಗ ಹೊಲಕ್ಕೆ ಹೋಗಿ, ಸಂಜೆ ಮುಚ್ಚುವುದರೊಳಗೆ ಮರಳಬೇಕು. ಕರ್ಫ್ಯೂ ವೇಳೆಯಲ್ಲಿ ಹೊರಗೆ ಕಂಡವರಿಗೆ ಗುಂಡು. ಮೈಲುಗಟ್ಟಲೆ ದೂರದ ಹೊಲವನ್ನು ಹಂದಿ, ಕೋತಿಗಳಿಂದ ಕಾಯುವವರಿಲ್ಲ. ದ್ವಾರದಲ್ಲಿ ತಪಾಸಣೆ, ಹೆಂಗಸರು ಅನುಭವಿಸಿದ ಅವಮಾನಗಳನ್ನು ಕ್ಯಾಥೊಲಿಕ್ ಚರ್ಚಿನ ನ್ಯಾಯ ಮತ್ತು ಶಾಂತಿ ಆಯೋಗ ಅಂದೇ ದಾಖಲಿಸಿ ಪ್ರಕಟಿಸಿತು. ಈ ಗ್ರಾಮಗಳ ಉಸ್ತುವಾರಿ ಸೈನ್ಯದ್ದಲ್ಲ, ಆಂತರಿಕ ವ್ಯವಹಾರಗಳ ಸಚಿವಾಲಯದ್ದು. 1978ರ ಹೊತ್ತಿಗೆ ಇಂಥ ಗ್ರಾಮಗಳ ಸಂಖ್ಯೆ 200 ದಾಟಿತ್ತು. ಲಕ್ಷಾಂತರ ಜನ ಅವುಗಳೊಳಗಿದ್ದರು. ಆಲ್ವರ್ಡ್ ಎಳೆದ ಸರಳರೇಖೆಗೆ ಈಗ ತಂತಿ ಬಿಗಿದಿತ್ತು.

ಚಿವೆಶೆ ಇರುವುದು ಪೊಲಾರ್ಡ್ ಕಮಿಷನರ್ ಆಗಿದ್ದ ಅದೇ ಮಜೋಯಿ ಸೀಮೆಯಲ್ಲಿ. ಅಷ್ಟರಲ್ಲಿ ಈಶಾನ್ಯದ ಗೆರಿಲ್ಲಾಗಳು ನೆಹಾಂಡಾಳ ಆತ್ಮ ಬರುತ್ತಿದ್ದ ಇನ್ನೊಬ್ಬ ವೃದ್ಧೆಯನ್ನು ಮೊಜಾಂಬಿಕ್‌ಗೆ ಹೊತ್ತೊಯ್ದಿದ್ದರು. ಸಚಿವಾಲಯವೂ ಸುಮ್ಮನಿರದೆ ಆತ್ಮವಾಹಕರ ಪಟ್ಟಿ ತಯಾರಿಸಿ, ಅವರ ಪೈಕಿ ಯಾರು ನಮ್ಮ ಕಡೆ ಬರಬಹುದೆಂದು ಲೆಕ್ಕ ಹಾಕುತ್ತಿತ್ತು.

1980ರ ಏಪ್ರಿಲ್ 18ರಂದು ಜಿಂಬಾಬ್ವೆ ಸ್ವತಂತ್ರವಾಯಿತು. ಸಚಿವಾಲಯ ಇತಿಹಾಸಕ್ಕೆ ಸೇರಿತು. ಡಿಸ್ಟ್ರಿಕ್ಟ್ ಕಮಿಷನರ್ ಹೋಗಿ ಡಿಸ್ಟ್ರಿಕ್ಟ್ ಅಡ್ಮಿನಿಸ್ಟ್ರೇಟರ್ ಬಂದರು, ಚುನಾಯಿತ ಜಿಲ್ಲಾ ಮಂಡಳಿಗಳು ಬಂದವು, ಮುಖಂಡರ ನ್ಯಾಯಾಧಿಕಾರ ಹೋಯಿತು. ಇದು ಸಣ್ಣ ಬದಲಾವಣೆಯೇನಲ್ಲ. ಹಳ್ಳಿಗಳಿಗೆ ಶಾಲೆ, ಚಿಕಿತ್ಸಾಲಯಗಳು ಹಿಂದೆಂದೂ ಕಾಣದ ವೇಗದಲ್ಲಿ ಬಂದವು. ಆದರೆ ಕಚೇರಿಗೂ ಒಂದು ಸ್ವಭಾವವಿರುತ್ತದೆ. 1980ರ ದಶಕದಲ್ಲೇ ಹೊಸ ಸರಕಾರದ ಯೋಜಕರು ಹೊಲ ಒಂದು ಕಡೆ, ಮೇವು ಒಂದು ಕಡೆ, ಮನೆಗಳು ಸಾಲಾಗಿ ಎಂಬ ನಕ್ಷೆಯನ್ನು ‘ಗ್ರಾಮೀಕರಣ’ ಎಂಬ ಹೆಸರಿನಲ್ಲಿ ಮತ್ತೆ ಬಿಡಿಸಿದರು. 1990ರಲ್ಲಿ ಮುಖಂಡರಿಗೆ ನ್ಯಾಯಾಧಿಕಾರ ಮರಳಿತು. 1998ರ ಕಾಯ್ದೆ ಅವರ ಸ್ಥಾನಮಾನವನ್ನು ಇನ್ನಷ್ಟು ಗಟ್ಟಿಗೊಳಿಸಿತು. 2018ರ ಚುನಾವಣೆಗೆ ಮುನ್ನ ಸರಕಾರ ಮುಖಂಡರಿಗೆ ವಾಹನಗಳನ್ನು ಹಂಚಿತು.

ಎಲ್ಲಕ್ಕಿಂತ ಮುಖ್ಯವಾದದ್ದು ನೆಲ. 2000ದ ನಂತರ ಬಿಳಿಯರ ಫಾರಂಗಳನ್ನು ವಶಪಡಿಸಿಕೊಂಡ ಘಟನೆಗಳು ಜಗತ್ತಿನ ಪತ್ರಿಕೆಗಳ ಮುಖಪುಟದಲ್ಲಿ ವರ್ಷಗಟ್ಟಲೆ ಬಂದವು. ಹಳೆಯ ಮೀಸಲು ಪ್ರದೇಶಗಳ ಬಗ್ಗೆ ಅಷ್ಟು ಚರ್ಚೆ ನಡೆಯಲಿಲ್ಲ. ದೇಶದ ಸುಮಾರು ಶೇ 42ರಷ್ಟು ನೆಲ, 1.6 ಕೋಟಿ ಹೆಕ್ಟೇರಿಗೂ ಹೆಚ್ಚು, ಇಂದಿಗೂ ಆ ವರ್ಗದಲ್ಲಿದೆ. ‘ಬುಡಕಟ್ಟು ಟ್ರಸ್ಟ್ ಭೂಮಿ’ ಎಂಬ ಸ್ಮಿತ್ ಕಾಲದ ಹೆಸರನ್ನು ಬದಲಿಸಿ 1982ರ ಕಾಯ್ದೆ ಅದನ್ನು ‘ಸಮುದಾಯ ಭೂಮಿ’ ಎಂದು ಕರೆಯಿತು. ಆದರೆ ಒಡೆತನ ಸಮುದಾಯಕ್ಕೆ ಬರಲಿಲ್ಲ, ರಾಷ್ಟ್ರಪತಿಯಲ್ಲಿ ನಿಹಿತವಾಯಿತು. ಅಲ್ಲಿ ಹುಟ್ಟಿ, ಉತ್ತು, ಸತ್ತು ಮಣ್ಣಾಗುವವರಿಗೆ ಇರುವುದು ವಾಸಿಸುವ, ಬಳಸುವ ಅನುಮತಿ ಮಾತ್ರ.

ಅನುಮತಿಗೂ ಹಕ್ಕಿಗೂ ಇರುವ ಅಂತರವೇನೆಂಬುದು ದೇಶದ ಆಗ್ನೇಯ ಮೂಲೆಯ ಚಿಲೊಂಗಾ ಎಂಬಲ್ಲಿನ ಶಾಂಗಾನ್ ಜನರಿಗೆ 2021ರಲ್ಲಿ ತಿಳಿಯಿತು. ನೆಹಾಂಡಾಳ ಪ್ರತಿಮೆ ಅನಾವರಣಗೊಳ್ಳುವುದಕ್ಕೆ ಮೂರು ತಿಂಗಳ ಮೊದಲು, ಫೆಬ್ರುವರಿಯಲ್ಲಿ, 1982ರ ಅದೇ ಕಾಯ್ದೆಯ ಅಡಿಯಲ್ಲಿ ಹೊರಬಿದ್ದ ಗೆಜೆಟ್ ಅಧಿಸೂಚನೆಯೊಂದು ಚಿರೆಜಿ ಜಿಲ್ಲೆಯ 12,940 ಹೆಕ್ಟೇರ್ ಸಮುದಾಯ ಭೂಮಿಯನ್ನು ದನಗಳ ಮೇವಿನ ಕುದುರೆ ಮಸಾಲೆ ಸೊಪ್ಪು ಬೆಳೆಯಲು ಮೀಸಲಿಟ್ಟು, ಅಲ್ಲಿದ್ದವರು ಕೂಡಲೇ ಹೊರಡಬೇಕೆಂದು ಆದೇಶಿಸಿತು. ಸಾವಿರಾರು ಕುಟುಂಬಗಳಿಗೆ ಸಂಬಂಧಿಸಿದ ವಿಷಯ ಅದು. ಜನ ಪ್ರತಿಭಟಿಸಿದರು, ವಕೀಲರನ್ನು ಹಿಡಿದು ನ್ಯಾಯಾಲಯದ ಬಾಗಿಲು ತಟ್ಟಿದರು, ಪತ್ರಿಕೆಗಳು ಬರೆದವು. ಕೆಲವೇ ವಾರಗಳಲ್ಲಿ ಸರಕಾರ ಅಧಿಸೂಚನೆಯನ್ನು ಹಿಂತೆಗೆದುಕೊಂಡು ಹೊಸದನ್ನು ಹೊರಡಿಸಿತು. ಮೇವಿನ ಬೆಳೆಯ ಜಾಗದಲ್ಲಿ ನೀರಾವರಿ ಯೋಜನೆ ಎಂದು ಬರೆಯಲಾಗಿತ್ತು.